‘ಬೇಕಿಲ್ಲ’ ಎಂದು ಬರೆದ ಆರು ಸಾಲು

ನನಗೆ ಇಪ್ಪತ್ತೆರಡು ವರ್ಷದ ಅನುಭವ. ಹುಬ್ಬಳ್ಳಿಯ ನಮ್ಮ ಸಣ್ಣ ಸಾಫ್ಟ್‌ವೇರ್ ಕಚೇರಿಗೆ ಗಿರಾಕಿ ಬಂದರೆ ಮಾಲೀಕರು ಚಹಾಕ್ಕಿಂತ ಮುಂಚೆ ಈ ಮಾತನ್ನೇ ಮುಂದಿಡುತ್ತಾರೆ. ಕೇಳಿ ಕೇಳಿ ನಾನೂ ಉಬ್ಬಿದ್ದೆ.

ಗರಗದ ಕಡೆಯ ಹಳ್ಳಿಯೊಂದರ ನೂಲುವ ಕೇಂದ್ರಕ್ಕೆ ಪ್ರೋಗ್ರಾಂ ಬರೆಯುವ ಕೆಲಸ ಬಂತು. ಯಾರು ಎಷ್ಟು ದಿನ ನೂತರು ಎಂದು ಅದರಲ್ಲಿ ದಾಖಲಾಗಬೇಕು. ಆ ದಾಖಲೆ ನೋಡಿ ಹೆಂಗಸರಿಗೆ ನೂಲುವವರೆಂಬ ಗುರುತಿನ ಚೀಟಿ ಕೊಡುತ್ತಾರೆ. ನಾನು ಹಳ್ಳಿಗೆ ಹೋಗಲಿಲ್ಲ. ಹಿಂದೆ ಗಿರಣಿಯೊಂದಕ್ಕೆ ಬರೆದದ್ದು ಇತ್ತಲ್ಲ, ಒಂದು ಯಂತ್ರಕ್ಕೆ ಒಬ್ಬ ಕೆಲಸಗಾರ. ಯಂತ್ರ ಎಂದಿದ್ದಲ್ಲಿ ಚರಕ ಎಂದು ತಿದ್ದಿ ಕೈ ತೊಳೆದುಕೊಂಡೆ.

ಕೆಲಸಕ್ಕೆ ಸೇರಿ ಐದು ತಿಂಗಳಾಗಿದ್ದ ಹುಡುಗಿಯೊಬ್ಬಳು ಮಾತ್ರ ರಜೆಯ ದಿನ ಬಸ್ಸು ಹತ್ತಿ ಹೋಗಿ ನೋಡಿ ಬಂದಳು. ಅಲ್ಲಿ ಒಂದೇ ಚರಕದ ಮುಂದೆ ಬೆಳಿಗ್ಗೆ ಅತ್ತೆ ಕೂಡುತ್ತಾಳಂತೆ, ರೊಟ್ಟಿ ಬಡಿದು ಮುಗಿದ ಮೇಲೆ ಮಧ್ಯಾಹ್ನ ಸೊಸೆ. ಒಂದು ಚರಕಕ್ಕೆ ಇಬ್ಬರ ಹೆಸರು ನಿಲ್ಲುವಂತೆ ಆರು ಸಾಲು ಸೇರಿಸಿಯೂ ಇದ್ದಳು. ನನ್ನನ್ನು ಕೇಳದೆ ನನ್ನ ಕೆಲಸಕ್ಕೆ ಕೈ ಹಾಕಿದಳೆಂದು ಮೈ ಉರಿಯಿತು. ಕಂಪ್ಯೂಟರ್ ಆ ಸಾಲುಗಳನ್ನು ಓದದಂತೆ ಗುರುತು ಹಾಕಿ, ಪಕ್ಕಕ್ಕೆ ‘ಬೇಕಿಲ್ಲ’ ಎಂದು ಬರೆದೆ. ಅವಳ ಆರು ತಿಂಗಳ ವರದಿಯಲ್ಲಿ ‘ಅನುಭವ ಸಾಲದು’ ಎಂದೂ ಬರೆದೆ. ಅವಳ ಕೆಲಸ ಕಾಯಂ ಆಗಲಿಲ್ಲ, ಬಿಟ್ಟು ಹೋದಳು.

ಪ್ರೋಗ್ರಾಂ ಶುರುವಾಯಿತು. ಮಧ್ಯಾಹ್ನ ಸೊಸೆಯ ಹೆಸರು ಏರಿದ ಕೂಡಲೇ ಬೆಳಗಿನ ಅತ್ತೆಯ ಹೆಸರು ಅಳಿಯುತ್ತಿತ್ತು. ಚೀಟಿ ಹಂಚುವ ತನಕ ಯಾರಿಗೂ ಗೊತ್ತಾಗಲಿಲ್ಲ. ಆಮೇಲೆ ಒಬ್ಬ ಮುದುಕಿ ಸೊಸೆಯನ್ನು ಕರೆದುಕೊಂಡು ನಮ್ಮ ಕಚೇರಿಗೇ ಬಂದಳು. ಅವಳಿಗೆ ಚೀಟಿ ಸಿಕ್ಕಿರಲಿಲ್ಲ. ನೂತದ್ದು ಸೊನ್ನೆ ದಿನ ಎಂದು ದಾಖಲೆ ಹೇಳುತ್ತಿತ್ತು. ಕೇಂದ್ರದವರೇ ತಪ್ಪು ತುಂಬಿರಬೇಕು, ನಾನು ಇಪ್ಪತ್ತೆರಡು ವರ್ಷದಿಂದ ಇದನ್ನೇ ಮಾಡುತ್ತಿದ್ದೇನೆ ಎಂದೆ.

ಮುದುಕಿ ಸಿಟ್ಟಾಗಲಿಲ್ಲ. “ನಂದು ನಲವತ್ತ ವರ್ಷ ಆತ್ರಿ ನೂಲೂದು. ಇವತ್ತಿಗೂ ನೂಲಿನ ಲಡಿ ಕೊಡೂಮುಂದ ಎಳಿ ಎಳದ ನೋಡೇ ಕೊಡತೇನಿ. ನೀವು ನೋಡೂದಿಲ್ಲೇನ್ರಿ?”

ಅವಳೆದುರೇ ಫೈಲು ತೆರೆದೆ. ಆರು ಸಾಲು ಹಾಗೆಯೇ ಇದ್ದವು, ಪಕ್ಕದಲ್ಲಿ ನನ್ನ ‘ಬೇಕಿಲ್ಲ’. ಗುರುತು ತೆಗೆದೆ, ಅಷ್ಟೇ. ಅತ್ತೆ ಸೊಸೆ ಇಬ್ಬರ ಹೆಸರೂ ನಿಂತವು. ಅಳಿದುಹೋದ ದಿನಗಳನ್ನು ಕೇಂದ್ರದ ಕಾಗದದ ರಿಜಿಸ್ಟರ್ ನೋಡಿ ಮತ್ತೆ ತುಂಬಿಸಿದೆವು.

ಮಾಲೀಕರು ಹೊಸಬರನ್ನೆಲ್ಲ ನನ್ನ ಮೇಜಿನ ಹತ್ತಿರ ಕರೆದರು. “ಅನುಭವ ಅಂದ್ರ ಇದು ನೋಡ್ರಿ. ಹತ್ತ ನಿಮಿಷದಾಗ ಸರಿ ಮಾಡಿದ್ರು.”

ಆ ಸಾಲುಗಳು ಯಾರವು ಎಂದು ನಾನು ಇವತ್ತಿನವರೆಗೂ ಹೇಳಿಲ್ಲ.