ಅವ್ವ ಕಟ್ ಮಾಡಿದ ಫೋನು, ತೆರೆಯಲೊಲ್ಲದ ಸರ್ವರು

ಹೆಣ್ಣು ನೋಡೋ ಶಾಸ್ತ್ರಕ್ಕೆ ಹೆಣ್ಣೇ ಇಲ್ಲದಿದ್ದರೆ ಹೆಂಗೆ ಎಂದು ಅವ್ವ ಬೆಳಗಿನಿಂದ ಮತ್ತೆ ಮತ್ತೆ ಫೋನ್ ಮಾಡಿ ಕೇಳುತ್ತಿದ್ದಳು. ಅವಳ ಪ್ರಶ್ನೆಯಲ್ಲಿ ತಪ್ಪೇನೂ ಇರಲಿಲ್ಲ. ಗಂಡಿನ ಕಡೆಯವರು ಅವತ್ತು ಸಂಜೆ ಮೊಳಕಾಲ್ಮೂರಿನ ನಮ್ಮ ಮನೆಗೆ ಬರುವವರಿದ್ದರು. ನಾನು ಮಾತ್ರ ಚಳ್ಳಕೆರೆಯ ಆಫೀಸಿನಲ್ಲಿ, ಏನು ಮಾಡಿದರೂ ತೆರೆಯದ ಒಂದು ವೆಬ್‌ಸೈಟಿನ ಮುಂದೆ ಕೂತಿದ್ದೆ. ಮಧ್ಯಾಹ್ನ ಹೊರಡು ಎಂದು ಹಿಂದಿನ ದಿನ ದೊಡ್ಡ ಮನಸ್ಸು ಮಾಡಿದ್ದ ಮಾಲೀಕರು ಈಗ ಬಾಗಿಲಿಗೆ ಅಡ್ಡವಾಗಿ ಕುರ್ಚಿ ಹಾಕಿಕೊಂಡಿದ್ದರು.

"ಸೈಟ್ ಎದ್ದೇಳ್ಲಿ, ಆಮೇಲೆ ನೀನು ಏಳವ್ವ," ಎಂದರು.

ಈ ಸಂಬಂಧ ತಪ್ಪಿ ಹೋಗಬಾರದೆಂಬ ಆಸೆ ಅವ್ವನಿಗಿಂತ ನನಗೇ ಹೆಚ್ಚಿತ್ತು. ಮುಂಚೆ ಬಂದಿದ್ದ ಇಬ್ಬರೂ ನಮ್ಮ ಮನೆಯ ಉಪ್ಪಿಟ್ಟು ಹೊಟ್ಟೆ ತುಂಬ ತಿಂದು, ಕೈ ತೊಳೆದು ಬಂದು, "ಮದ್ವೆ ಆದ್ಮೇಲೆ ಕೆಲಸ ಬಿಡ್ಬೇಕಾಗ್ತೈತೆ" ಎಂದಿದ್ದರು. ಸರ್ವರುಗಳ ಜೊತೆ ಗುದ್ದಾಡುವ ಈ ಕೆಲಸ ನನಗೆ ಇಷ್ಟ. ಅದನ್ನು ಯಾರದೋ ಉಪ್ಪಿಟ್ಟಿನ ತಟ್ಟೆಯ ಪಕ್ಕದಲ್ಲಿ ಬಿಟ್ಟುಬರಲು ನಾನು ತಯಾರಿರಲಿಲ್ಲ. ಈಗಿನ ಹುಡುಗ ನನ್ನಿವಾಳದವನು, ಜಮೀನಿನ ಜೊತೆಗೆ ಟ್ರ್ಯಾಕ್ಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಸಂಬಂಧ ತಂದ ನಮ್ಮ ಚಿಕ್ಕಪ್ಪ, "ಹುಡುಗ ನಿನ್ನ ಕೆಲಸ ಬಿಡಿಸಲ್ವಂತೆ, ಬರ್ದಿಟ್ಕೋ" ಎಂದಿದ್ದರು. ಆ ಒಂದು ಮಾತಿಗೆ ನಾನು ಫೋಟೋವನ್ನೂ ನೆಟ್ಟಗೆ ನೋಡದೆ ಅರ್ಧ ಒಪ್ಪಿಬಿಟ್ಟಿದ್ದೆ.

ತೆರೆಯದೆ ಕೂತಿದ್ದು ಎಣ್ಣೆ ವ್ಯಾಪಾರಿಗಳು ಆರ್ಡರ್ ಹಾಕುವ ಸೈಟು. ಪೇಟೆಯ ಎಣ್ಣೆ ವ್ಯಾಪಾರಿ ಸಾಹೇಬರೊಬ್ಬರು ಫೋನಿನಲ್ಲಿ ಬೈದು ಸಾಕಾಗಿ ಖುದ್ದಾಗಿ ಬಂದು ನನ್ನೆದುರಿಗೇ ಕೂತಿದ್ದರು. ಒಳ್ಳೆಯವರು, ಆದರೆ ಎಲ್ಲವೂ ಅವರಿಗೆ ಅರ್ಥವಾಗಬೇಕು. ನಾನು ವಿವರಿಸಿದೆ. ಹೊರಗಿನ ಗಿರಾಕಿಗಳಿಗೆ ಕಾಣುವುದು ಒಂದೇ ವಿಳಾಸ, ಅದರ ಹೆಸರು ವರ್ಚುವಲ್ ಸರ್ವರ್. ನಿಜಕ್ಕೂ ಅಂಥದೊಂದು ಯಂತ್ರ ಎಲ್ಲೂ ಇಲ್ಲ. ಆ ವಿಳಾಸಕ್ಕೆ ಬಂದವರನ್ನು ಒಳಗಿರುವ ಎರಡು ನಿಜವಾದ ಯಂತ್ರಗಳಿಗೆ ಹಂಚುತ್ತಾ ಮಧ್ಯೆ ಕೂತಿರುವುದು ಲೋಡ್ ಬ್ಯಾಲೆನ್ಸರ್.

ಸಾಹೇಬರು ಗಡ್ಡ ನೀವಿಕೊಂಡರು. "ಅರೆ ಮೇಡಂ, ಇಲ್ಲದೇ ಇರೋದು ಕೆಡೋದು ಹೆಂಗ್ರೀ?"

ಪರದೆಯ ಮೇಲೆ ಎರಡೂ ಯಂತ್ರಗಳ ಮುಂದೆ ಹಸಿರು ಬಣ್ಣ ಹೊಳೆಯುತ್ತಿತ್ತು. ಲೋಡ್ ಬ್ಯಾಲೆನ್ಸರ್ ಆಗಾಗ "ಇದೀಯಾ?" ಎಂದು ಕೇಳುತ್ತದೆ, ಯಂತ್ರ "ಇದೀನಿ" ಅಂದರೆ ಹಸಿರು. ಎರಡೂ ಇದ್ದವು. ಆಫೀಸಿನೊಳಗಿಂದ ಅವುಗಳ ಸ್ವಂತ ವಿಳಾಸ ಹಾಕಿದರೆ ಸೈಟು ತಟ್ಟನೆ ತೆರೆಯುತ್ತಿತ್ತು. ಹೊರಗಿನ ವಿಳಾಸದಿಂದ ಬಂದರೆ ಮಾತ್ರ ಚಕ್ರ ಗಿರಗಿರ ತಿರುಗಿ, ಕೊನೆಗೆ ಕೈ ಚೆಲ್ಲುತ್ತಿತ್ತು. ಮಾತು ಒಳಗೆ ಬರುವ ಕಿಂಡಿ, ಅಂದರೆ ಪೋರ್ಟ್, ನೋಡಿದೆ, ಸರಿಯಿತ್ತು. ಫೈರ್‌ವಾಲ್ ನೋಡಿದೆ, ಅದು ಯಾರನ್ನೂ ತಡೆದಿರಲಿಲ್ಲ. ಆಫ್ ಮಾಡಿ ಆನ್ ಮಾಡು ಎಂದು ಮಾಲೀಕರು ಸಲಹೆ ಕೊಟ್ಟರು, ಅದನ್ನೂ ಮಾಡಿದೆ. ಆಮೇಲೆ ಅವರು ಯಂತ್ರದ ಮೇಲೆ ಕಟ್ಟಿದ್ದ ನಿಂಬೆಹಣ್ಣು ಒಣಗಿದೆಯೆಂದು ಹೊಸದು ತರಿಸಿ ಕಟ್ಟಿದರು. ಹೊಸ ನಿಂಬೆಹಣ್ಣಿನ ಕೆಳಗೂ ಚಕ್ರ ಹಾಗೇ ತಿರುಗಿತು.

ಕೊನೆಗೆ, ತಂತಿಯಲ್ಲಿ ಬರುವ ಹೋಗುವ ಪ್ರತಿಯೊಂದನ್ನೂ ಹಿಡಿದು ತೋರಿಸುವ ಸಾಫ್ಟ್‌ವೇರ್ ಹಾಕಿ ಕೂತೆ. ಸಾಹೇಬರು ತಮ್ಮ ಮೊಬೈಲಿನಿಂದ ಸೈಟು ಒತ್ತಿದರು. ಅವರ ಕೋರಿಕೆ ಲೋಡ್ ಬ್ಯಾಲೆನ್ಸರಿಗೆ ಬಂತು, ಅಲ್ಲಿಂದ ಯಂತ್ರಕ್ಕೆ ಹೋಯಿತು. ಯಂತ್ರ ಉತ್ತರವನ್ನೂ ಕಳಿಸಿತು. ಆದರೆ ಆ ಉತ್ತರ ಲೋಡ್ ಬ್ಯಾಲೆನ್ಸರಿಗೆ ವಾಪಸ್ ಬರಲೇ ಇಲ್ಲ. ಎಲ್ಲಿಗೆ ಹೋಯಿತು? ನನಗೆ ತಲೆ ಕೆಟ್ಟುಹೋಯಿತು.

ಅದೇ ಹೊತ್ತಿಗೆ ಅವ್ವನ ಫೋನು. ದನಿಯಲ್ಲಿ ಗೆದ್ದ ಖುಷಿ.

"ನೀನು ಹೇಳ್ಕೊಟ್ಟಂಗೇ ಮಾಡಿದೀನಿ ಕಣೇ. ಯಾವ್ದೋ ಕಳ್ಳ ನಂಬರು ಒಂದೇ ಸಮ ಹೊಡ್ಕಂತಾ ಐತೆ. ಎಲ್ಲಾ ಕಟ್ ಮಾಡ್ದೆ."

ಬ್ಯಾಂಕಿನವರೆಂದು ಸುಳ್ಳು ಹೇಳಿ ಮೋಸ ಮಾಡುವವರ ಕಾಟಕ್ಕೆ, ಗೊತ್ತಿಲ್ಲದ ನಂಬರ್ ಎತ್ತಲೇಬೇಡ ಎಂದು ಅವ್ವನಿಗೆ ಪಾಠ ಮಾಡಿದ್ದವಳು ನಾನೇ. ಆದರೂ ಅವತ್ತು ಕೇಳಿಬಿಟ್ಟೆ.

"ನಾನು ತಡ ಅಂತ ಚಿಕ್ಕಪ್ಪಂಗೆ ಹೇಳಿದ್ಯಾ?"

"ಹೇಳಿದ್ನಲ್ಲ. ಅವ್ರು ಎಲ್ಲಿಗೆ ಬಂದವ್ರೆ ಕೇಳಿ ಹೇಳಪ್ಪಾ ಅಂದೆ. ನಿಮ್ಮ ಚಿಕ್ಕಪ್ಪ ಇನ್ನೂ ಫೋನೇ ಮಾಡಿಲ್ಲ."

ಚಿಕ್ಕಪ್ಪನಿಗೆ ಫೋನ್ ಹಚ್ಚಿದೆ. ಬಿ.ಜಿ. ಕೆರೆಯಲ್ಲಿ ಕಾದಿದ್ದು ಗಂಡಿನವರನ್ನು ಮನೆಗೆ ಕರೆತರಬೇಕಾಗಿದ್ದವರು ಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. "ತಡ ಅಂದ್ರಲ್ಲ, ಅದಕ್ಕೇ ನಾನು ಹೋಗ್ಲಿಲ್ಲ. ನಾನ್ಯಾಕೆ ಮಧ್ಯೆ ಅಂತ ಹುಡುಗನ ತಾಯಿಗೆ ನಿಮ್ಮವ್ವನ ನಂಬರ್ ಕೊಟ್ಟೆ, ನೀವೇ ಮಾತಾಡ್ರಿ ಅಂದೆ. ಅವ್ರು ಬಿ.ಜಿ. ಕೆರೆ ಹೋಟ್ಲಾಗೆ ಕೂತವ್ರೆ. ಫೋನ್ ಮಾಡಿದಂಗೆಲ್ಲ ಕಟ್ ಮಾಡ್ತಾರೆ, ಇಷ್ಟು ಜಂಬ ಇರೋರ ಮನೆ ಬ್ಯಾಡ, ವಾಪಸ್ ಹೋಗ್ತೀವಿ ಅಂತವ್ರೆ. ಪರ್ವಾಲೇದಮ್ಮಾ, ಏನೂ ಆಗಲ್ಲ."

ಪರ್ವಾಲೇದಂತೆ! ಸಿಟ್ಟು ನೆತ್ತಿಗೇರಿತು. ಅವ್ವನಿಗೆ ಮತ್ತೆ ಫೋನ್ ಮಾಡಿ ಕೂಗಾಡಿದೆ. "ಅವ್ವಾ, ಅದು ಕಳ್ಳರಲ್ಲ, ಹುಡುಗನ ತಾಯಿ! ನೀನು ಕೇಳಿದ್ದಕ್ಕೇ ಉತ್ತರ ಹೇಳಾಕೆ ನೇರವಾಗಿ ಮಾಡವ್ರೆ!"

"ನಾನು ಕೇಳಿದ್ದು ನಿಮ್ಮ ಚಿಕ್ಕಪ್ಪನ್ನ. ಚಿಕ್ಕಪ್ಪನೇ ಹೇಳ್ಬೇಕು," ಎಂದಳು ಅವ್ವ, ಒಂದಿಷ್ಟೂ ಬಗ್ಗದೆ. "ಇನ್ಯಾರೋ ಮಾಡಿದ್ರೆ ಅದೇ ಉತ್ತರ ಅಂತ ನಂಗೇನು ಗೊತ್ತು?"

ನಾನು ಬೈಯಲು ತೆರೆದ ಬಾಯಿಯನ್ನು ಹಾಗೇ ಬಿಟ್ಟುಕೊಂಡು ಪರದೆಯ ಕಡೆ ನೋಡಿದೆ. ಗಿರಾಕಿ ಕೇಳಿದ್ದು ವರ್ಚುವಲ್ ಸರ್ವರನ್ನು. ಯಂತ್ರ ಉತ್ತರವನ್ನು ಲೋಡ್ ಬ್ಯಾಲೆನ್ಸರಿನ ಕೈಗೆ ಕೊಡದೆ, ಬೇರೆ ದಾರಿಯಲ್ಲಿ ನೇರವಾಗಿ ಕಳಿಸುತ್ತಿದ್ದರೆ? ಗುರುತಿಲ್ಲದ ವಿಳಾಸದಿಂದ ಬಂದ ಉತ್ತರವನ್ನು ಗಿರಾಕಿಯ ಮೊಬೈಲು ಯಾಕೆ ಎತ್ತಿಕೊಳ್ಳುತ್ತದೆ? ಯಂತ್ರದ ಗೇಟ್‌ವೇ, ಅಂದರೆ ಅದರ ಮಾತು ಹೊರಗೆ ಹೋಗುವ ಬಾಗಿಲು, ತೆರೆದು ನೋಡಿದೆ. ಅದು ಲೋಡ್ ಬ್ಯಾಲೆನ್ಸರಿನ ಕಡೆಗಿರಲಿಲ್ಲ. ಹಿಂದಿನ ದಿನ ಹಾಕಿಸಿದ ಹೊಸ ಇಂಟರ್ನೆಟ್ ಲೈನಿನ ಕಡೆಗಿತ್ತು.

"ಸಾರ್, ನಿನ್ನೆ ಇದನ್ನ ಯಾರಾದ್ರೂ ಮುಟ್ಟಿದ್ರಾ?"

ಮಾಲೀಕರು ನಿಂಬೆಹಣ್ಣಿನ ಕಡೆ ನೋಡಿದರು. "ಹೊಸ ಲೈನ್ ಫಾಸ್ಟ್ ಐತಲ್ಲ ಅಂತ ಎರಡನ್ನೂ ಆ ಕಡೆ ತಿರುಗಿಸ್ದೆ. ಲೈನ್ ತಗಂಡಿರೋದು ಪೂಜೆ ಮಾಡಾಕಾ?"

ಹಸಿರು ಬಣ್ಣದ ಗುಟ್ಟೂ ಆಗ ತಿಳಿಯಿತು. ಲೋಡ್ ಬ್ಯಾಲೆನ್ಸರ್ ಪಕ್ಕದಲ್ಲೇ ಕೂತು ತಾನೇ ಕೇಳಿದರೆ ಯಂತ್ರ ಅದಕ್ಕೇ ಉತ್ತರ ಕೊಡುತ್ತಿತ್ತು. ದೂರದವರ ಮಾತು ಬಂದಾಗ ಮಾತ್ರ ಹೊಸ ಬಾಗಿಲಿನಿಂದ ಓಡುತ್ತಿತ್ತು. ಎರಡೂ ಯಂತ್ರಗಳ ಬಾಗಿಲನ್ನು ಮೊದಲಿದ್ದ ಕಡೆಗೆ ತಿರುಗಿಸಿದೆ. ಸಾಹೇಬರ ಮೊಬೈಲಿನಲ್ಲಿ ಸೈಟು ಅರಳಿತು.

"ಮಾಷಾ ಅಲ್ಲಾ! ಇಲ್ಲದೇ ಇರೋದು ರಿಪೇರಿ ಆಯ್ತು," ಎಂದರು.

ಚಿಕ್ಕಪ್ಪನಿಂದ ಹುಡುಗನ ತಾಯಿಯ ನಂಬರ್ ಇಸ್ಕೊಂಡು ನಾನೇ ಫೋನ್ ಮಾಡಿದೆ. ಕಟ್ ಮಾಡಿದರು. ಮಾಲೀಕರು ಸ್ಕೂಟರ್ ತೆಗೆದು ನನ್ನನ್ನು ಬಸ್‌ಸ್ಟ್ಯಾಂಡಿಗೆ ಬಿಟ್ಟರು. ಬಳ್ಳಾರಿ ಬಸ್ಸಿನಲ್ಲಿ ಕೂತ ಮೇಲೆ ನನಗೆ ನಿಜವಾಗಿ ಭಯವಾಯಿತು. ಕೆಲಸ ಬಿಡಿಸುವುದಿಲ್ಲ ಎಂದ ಒಬ್ಬನೇ ಒಬ್ಬ ಹುಡುಗ, ಅವನೂ ವಾಪಸ್ ಹೋಗಿಬಿಟ್ಟಿದ್ದರೆ?

ಬಿ.ಜಿ. ಕೆರೆಯಲ್ಲಿ ಇಳಿದಾಗ ಅವರು ಇನ್ನೂ ಹೋಟೆಲಿನ ಬೆಂಚಿನ ಮೇಲಿದ್ದರು. ರೇಷ್ಮೆ ಸೀರೆಯ ತಾಯಿ ಮುಖ ಕೆಂಪಗೆ ಮಾಡಿಕೊಂಡಿದ್ದರು, ಹುಡುಗ ಮಂಡಕ್ಕಿ ತಿನ್ನುತ್ತಿದ್ದ. ನನ್ನ ಕೊರಳಲ್ಲಿ ಆಫೀಸಿನ ಗುರುತಿನ ಕಾರ್ಡು, ಮುಡಿಯಲ್ಲಿ ಹೂವಿನ ಬದಲು ಸಿಕ್ಕಿಸಿಕೊಂಡ ಪೆನ್ನು.

"ನೀನೇ ಏನವ್ವಾ ಹುಡುಗಿ? ನಿಮ್ಮವ್ವ ಯಾಕಂಗೆ ಫೋನ್ ಕುಕ್ಕಾದು?"

ಗೊತ್ತಿಲ್ಲದ ನಂಬರ್ ಎತ್ತಬೇಡ ಅಂತ ನಾನೇ ಹೇಳಿಕೊಟ್ಟಿದ್ದೆ ಎಂದೆ. ಈಗ ತಾನೇ ಅವರು ಕಟ್ ಮಾಡಿದ ನಂಬರ್ ನನ್ನದು ಎಂದೂ ತಿಳಿಸಿದೆ. ಆ ತಾಯಿ ತಮ್ಮ ಫೋನ್ ನೋಡಿಕೊಂಡು, "ಅಯ್ಯೋ, ನಾನೂ ಯಾರೋ ಕಳ್ರು ಅಂದ್ಕಂಡೆ!" ಎಂದು ಬಾಯಿ ಮುಚ್ಚಿಕೊಂಡು ನಕ್ಕರು. ನನ್ನ ಫೋನಿನಿಂದಲೇ ಅವ್ವನಿಗೆ ಮಾಡಿಕೊಟ್ಟೆ. ಅವ್ವ ತಕ್ಷಣ ಎತ್ತಿದಳು. ಅವರು ಮಾತಾಡುತ್ತಾ ಆ ಕಡೆ ಹೋದರು.

ಹುಡುಗ ನನಗೊಂದು ಟೀ ತಂದುಕೊಟ್ಟ. "ಕೆಲಸ ಬಿಡಿಸಲ್ಲ ಅಂದ್ರಂತೆ. ತುಂಬಾ ಖುಷಿ ಆತು," ಎಂದೆ.

"ನಾನಾ? ಯಾವಾಗಂದೆ?" ಅವನ ಕೈ ಮಂಡಕ್ಕಿಯಲ್ಲೇ ನಿಂತಿತು. "ನನ್ನ ಯಾರೂ ಕೇಳೇ ಇಲ್ಲ ಕಣ್ರಿ. ನೀವೇ ಕೆಲಸ ಬಿಡಾಕೆ ರೆಡಿ ಅದೀರಿ ಅಂತ ನಿಮ್ಮ ಚಿಕ್ಕಪ್ಪ ಹೇಳಿದ್ರು."

ಚಿಕ್ಕಪ್ಪ ಇಬ್ಬರನ್ನೂ ಕೇಳದೆ ಇಬ್ಬರ ಪರವಾಗಿಯೂ ಹೂಂ ಅಂದುಬಿಟ್ಟಿದ್ದರು. ಟೀ ಲೋಟ ಬೆಂಚಿನ ಮೇಲಿಟ್ಟೆ.

"ಹಂಗಾದ್ರೆ ಈಗ ನಾನೇ ಕೇಳ್ತೀನಿ. ನಾನು ಕೆಲಸ ಬಿಡಲ್ಲ. ಏನಂತೀರಿ?"

ಅವನು ಚಳ್ಳಕೆರೆಯ ರಸ್ತೆ ಕಡೆ ನೋಡಿದ. ಮೀಸೆಗೆ ಒಂದು ಮಂಡಕ್ಕಿ ಅಂಟಿತ್ತು. ನಗುವ ಧೈರ್ಯ ನನಗಿರಲಿಲ್ಲ.

"ನಮ್ಮೂರಿಂದ ಚಳ್ಳಕೆರೆಗೆ ಬೆಳಿಗ್ಗೆ ಬಸ್ಸಾಗೆ ಸೀಟ್ ಸಿಗಲ್ರೀ," ಎಂದ.

"ನಿಂತ್ಕಂಡು ಹೋಗ್ತೀನಿ."

"ದಿನಾ?"

"ದಿನಾ."

ಅವನು ಹೂಂ ಎಂದು ತಲೆಯಾಡಿಸಿ, ದೂರದಲ್ಲಿ ಫೋನ್ ಹಿಡಿದು ನಿಂತಿದ್ದ ತಾಯಿಯ ಕಡೆ ತಿರುಗಿ ಕೂಗಿದ. "ಯವ್ವಾ, ಅವ್ರ ಚಿಕ್ಕಪ್ಪಂಗೇನೂ ಕೇಳ್ಬ್ಯಾಡ. ನಾವೇ ಮಾತಾಡ್ಕಂಡ್ವಿ."