ಅಳಿಯನಿಗೆ ಹಾಸಿದ ಜಾಕೆಟ್ಟುಗಳು

ಎಂಬತ್ತರ ದಶಕದಲ್ಲಿ ನಾನು ಹುನಗುಂದದ ಕಡೆ ಹೊಳೆಯ ನೀರು ಅಳೆಯುವ ಕೆಲಸದಲ್ಲಿದ್ದೆ. ಮ್ಯಾಟ್ರಿಕ್ ಪಾಸಾದವನೆಂದು ಕಚೇರಿಯ ದೋಣಿಯನ್ನು ನನಗೆ ಒಪ್ಪಿಸಿದ್ದರು. ದಂಡೆಯ ಬೇವಿನ ಮರಕ್ಕೆ ಒಂದು ಬೋರ್ಡು ಹೊಡೆದಿತ್ತು: ತೇಲುವ ಜಾಕೆಟ್ ತೊಟ್ಟು, ಪಟ್ಟಿ ಬಿಗಿದುಕೊಂಡ ಮೇಲೆಯೇ ದೋಣಿ ಹತ್ತಬೇಕು. ಆ ಅಕ್ಷರ ಬರೆದವನು ನಾನೇ. ಚಳಿಗಾಲದಲ್ಲಿ ಈಜು ಬಲ್ಲವನೂ ತೊಡಬೇಕು, ತಣ್ಣೀರಿಗೆ ಬಿದ್ದ ಕೂಡಲೇ ಉಸಿರು ಕಟ್ಟುತ್ತದೆ, ಕೈಕಾಲು ಮಾತು ಕೇಳುವುದಿಲ್ಲ ಎಂದು ಕೆಲಸಕ್ಕೆ ಸೇರಿದಾಗ ಹೇಳಿಕೊಟ್ಟಿದ್ದರು.

ಆ ಸಂಕ್ರಾಂತಿಗೆ ಇಳಕಲ್ಲಿನಿಂದ ನನ್ನ ತಂಗಿಯೂ ಅವಳ ಗಂಡನೂ ಬಂದರು. ಮದುವೆಯಾಗಿ ಎಂಟು ತಿಂಗಳಾಗಿತ್ತು. ಹೊಳೆಯಲ್ಲಿ ಮಿಂದು ದಂಡೆಯ ಮೇಲೆ ಬುತ್ತಿ ಉಣ್ಣುವುದು ನಮ್ಮ ಕಡೆಯ ಪದ್ಧತಿ. ತಂಗಿ ರೊಟ್ಟಿಯ ಗಂಟು ಬಿಚ್ಚುವಷ್ಟರಲ್ಲಿ ಒಂದು ಸುತ್ತು ಹಾಕಿ ಬರೋಣವೆಂದು ಅವನನ್ನು ಕರೆದೆ.

ಕೊರೆಯುವ ಗಾಳಿ ಬೀಸುತ್ತಿತ್ತು. ದೋಣಿಯ ಹಲಗೆ ಇಬ್ಬನಿಯಿಂದ ಒದ್ದೆಯಾಗಿತ್ತು. ಮನೆಯ ಹೊಸ ಅಳಿಯನನ್ನು ಬರಿ ಹಲಗೆಯ ಮೇಲೆ ಕೂಡಿಸಿದರೆ ಮರ್ಯಾದೆಯೇ? ದೋಣಿಯಲ್ಲಿದ್ದ ನಾಲ್ಕೂ ಜಾಕೆಟ್ಟುಗಳನ್ನು ಹಾಸಿ, ಮೇಲೆ ಜಮಖಾನ ಹೊದಿಸಿದೆ.

"ಮಾವಾರ, ತೊಟ್ಕೊಂಡ ಹತ್ತಬೇಕಂತ ಬೋರ್ಡಿನ್ಯಾಗ ಬರದೀರಲ್ರಿ?" ಎಂದು ಅವನು ಕೇಳಿದ.

"ಅದು ಬ್ಯಾರೆ ಮಂದಿಗೆ ಬರದದ್ರಿ. ನೀವು ಮನಿ ಅಳಿಯಂದ್ರು, ಗಾದಿ ಮ್ಯಾಲ ಕೂಡ್ರಿ," ಎಂದೆ. ಅವನು ನಕ್ಕು ಕುಳಿತ.

"ಲಗೂ ಬರ್ರಿ! ಇಲ್ಲಂದ್ರ ಎಣಗಾಯಿ ಎಲ್ಲಾ ನಾನ ತಿಂತೇನಿ," ಎಂದು ದಂಡೆಯಿಂದ ತಂಗಿ ಕೂಗಿದಳು.

ನಡುಹೊಳೆಯಲ್ಲಿ ಅವನು ನಡುಗತೊಡಗಿದ. ನನ್ನ ಬದಿಗೆ ಬಿಸಿಲಿತ್ತು. "ಇತ್ತ ಬರ್ರಿ, ಬಿಸಲಿಗೆ," ಎಂದೆ. ಅವನು ಎದ್ದು ಬಂದ. ಇಬ್ಬರ ಭಾರಕ್ಕೆ ದೋಣಿ ಒಂದೇ ಕಡೆ ವಾಲಿ ಮಗುಚಿತು.

ಅವನು ಒಳ್ಳೆಯ ಈಜುಗಾರ. ಆದರೂ ನೀರಿನಿಂದ ಮೇಲೆ ಬಂದಾಗ ಬಾಯಿ ತೆರೆದೇ ಇತ್ತು, ಮಾತು ಹೊರಡಲಿಲ್ಲ. ಉಣ್ಣೆಯ ಸ್ವೆಟರು, ಧೋತರ ನೀರು ಕುಡಿದು ಭಾರವಾಗಿದ್ದವು. ನಾಲ್ಕೂ ಜಾಕೆಟ್ಟುಗಳು, ಒಳಗೆ ಯಾರೂ ಇಲ್ಲದೆ, ನಮ್ಮ ಸುತ್ತ ತೇಲುತ್ತಿದ್ದವು. ಒಂದು ನನ್ನ ಕೈಗೆ ಸಿಕ್ಕಿತು. ಇನ್ನೊಂದನ್ನು ಅವನತ್ತ ತಳ್ಳಿದೆ. ಗಾಳಿ ಅದನ್ನು ಬೇರೆ ಕಡೆ ಒಯ್ದಿತು. ಮತ್ತೆ ನೋಡಿದಾಗ ಅಲ್ಲಿ ನೀರಷ್ಟೇ ಇತ್ತು.

ದಂಡೆಗೆ ಬಂದು ಬಿದ್ದ ನನ್ನನ್ನು ತಂಗಿ ಹಿಡಿದು ಅಲುಗಿಸಿದಳು. "ಅಣ್ಣಾ, ಅವರಿಗೆ ಯಾಕ ತೊಡಿಸಲಿಲ್ಲೋ?"

"ತೊಟ್ಕೋರಿ ಅಂತ ಹೇಳಿದೆ. ಕೇಳಲಿಲ್ಲ," ಎಂದೆ.

ಸತ್ತವನ ಮೇಲೆ ನಾನು ಹೊರಿಸಿದ ಆ ಸುಳ್ಳು ನಲವತ್ತು ವರ್ಷ ಬಾಳಿತು. ಪ್ರತಿ ಸಂಕ್ರಾಂತಿಗೆ ತಂಗಿ ಅವನ ಫೋಟೋದ ಮುಂದೆ ಎಡೆ ಇಟ್ಟು, "ನಮ್ಮಣ್ಣನ ಒಂದು ಮಾತು ಕೇಳಿದ್ರ ನಿಮ್ಮ ಗಂಟೇನ ಹೋಗ್ತಿತ್ರಿ?" ಎಂದು ಬೈಯುತ್ತಿದ್ದಳು. ನಾನು ಪಕ್ಕದಲ್ಲೇ ಕುಳಿತು ಉಣ್ಣುತ್ತಿದ್ದೆ. ತುತ್ತು ಎತ್ತಿದಾಗಲೆಲ್ಲ ಅವನ ತೆರೆದ ಬಾಯಿ ಕಣ್ಣೆದುರು ಬರುತ್ತಿತ್ತು.

ಈ ವರ್ಷ ಎಲ್ಲವನ್ನೂ ಹೇಳಿಬಿಟ್ಟೆ. ಅವಳು ಅಳಲಿಲ್ಲ. ಫೋಟೋವನ್ನು ಗೋಡೆಯಿಂದ ಇಳಿಸಿ ಸೆರಗಿನಿಂದ ಒರೆಸಿದಳು. "ಇಷ್ಟು ವರ್ಷ ಸುಮ್‌ಸುಮ್ಮನ ಬೈದೆ. ತಪ್ಪಾತ್ರಿ," ಎಂದು ಅವನಿಗೆ ಹೇಳಿದಳು. ಫೋಟೋವನ್ನು ಮತ್ತೆ ಗೋಡೆಗೆ ತೂಗುಹಾಕಿ, ನನ್ನ ಕಡೆ ನೋಡದೆಯೇ, "ಅಣ್ಣಾ, ನೀ ಈಗ ಹೋಗು," ಎಂದಳು.