ಖಾಲಿ ಗಾಡಿಯನ್ನು ನಂಬದ ಕಾಕಾ

ತೋರುಬೆರಳಿಗೆ ಹಸಿ ಸುಣ್ಣ ಹಚ್ಚಿಕೊಂಡು ಅವರು ಟೈರಿನ ಒಳಅಂಚಿನ ಸುತ್ತ ಗೆರೆ ಎಳೆಯುತ್ತಿದ್ದರು. ಗಬ್ಬೂರಿನ ಬೈಪಾಸ್ ಪಕ್ಕದ ಅಂಗಡಿಯ ಈ ಟೈರ್ ಕಾಕಾ, ದೊಡ್ಡ ಟೈರು ಬೇಕೆಂದವರ ಗಾಡಿಗೆ ಮೊದಲು ಒಂದನ್ನಷ್ಟೇ ಹಾಕಿ ನೋಡುತ್ತಿದ್ದರು. ಆಮೇಲೆ ಚಹಾ ಕುಡಿಯುತ್ತ ನಿಂತ ಗಿರಾಕಿಗಳನ್ನೆಲ್ಲ ಕರೆದು ಗಾಡಿಯೊಳಗೆ ಕೂರಿಸುತ್ತಿದ್ದರು. "ಖಾಲಿ ಗಾಡಿ ಸುಳ್ಳ ಹೇಳತೈತ್ರಿ" ಎನ್ನುವುದು ಅವರ ಮಾತು; ಭಾರ ಬಿದ್ದಾಗಲೇ ಟೈರು ಎಲ್ಲಿ ತಿಕ್ಕುತ್ತದೆಂದು ತಿಳಿಯುತ್ತದಂತೆ.

ನನ್ನ ಅಣ್ಣ ತನ್ನ ಜೀಪನ್ನು ಎತ್ತರ ಮಾಡಿಸಿ, ದೊಡ್ಡ ಟೈರು ಹಾಕಿಸಲು ನನ್ನನ್ನೂ ಕರೆದುಕೊಂಡು ಅಲ್ಲಿಗೆ ಬಂದಿದ್ದ. ಮರುದಿನ ಮುಗದದ ಮಾವನ ಮನೆಯಿಂದ ಅತ್ತಿಗೆಯನ್ನೂ ಮೂರು ತಿಂಗಳ ಕೂಸನ್ನೂ ದೊಡ್ಡ ಟೈರಿನ ಮೇಲೆಯೇ ಕರೆತರಬೇಕೆಂದು ಅವನ ಹಟ.

ಕಾಕಾ ಐದು ಜನರನ್ನು ತುಂಬಿ, ದೊಡ್ಡ ಟೈರು ಹಾಕಿದ ಮುಂದಿನ ಗಾಲಿಯನ್ನು ಕಲ್ಲಿನ ಮೇಲೇರಿಸಿ, ಸ್ಟೀರಿಂಗ್ ಪೂರ್ತಿ ತಿರುಗಿಸಲು ಅಣ್ಣನಿಗೆ ಹೇಳಿದರು. ಸುಣ್ಣ ಎಲ್ಲಿ ಹತ್ತುತ್ತದೆಂದು ನೋಡುವ ಆಸೆಗೆ ನಾನು ಹೊರಗೇ ಉಳಿದು ಅವರ ಜೊತೆ ಬಗ್ಗಿದೆ. ಒಳಗಿನ ಬ್ರೇಕ್ ಪೈಪು ಬೆಳ್ಳಗಾಗಿತ್ತು.

"ಎತ್ತರ ಮಾಡಿಸೇನಲ್ಲ ಕಾಕಾ!" ಎಂದ ಅಣ್ಣ.

"ಅದರಿಂದ ಮ್ಯಾಲ ಜಾಗಾ ಆತು ತಮ್ಮಾ, ಬಾಜೂಕ ಆಗಿಲ್ಲ. ರಿಮ್ ಕಂಪನೀದ ಐತಿ, ಅಗಲ ಟೈರ್ ಒಳಗ ಬಂದು ಪೈಪ್ ತಿಕ್ಕತೈತಿ. ಕೂಸಿನ್ನ ಇದರಾಗ ಕರಕೊಂಡ ಬರತೀಯೇನು?"

ಹಳೆಯ ಟೈರನ್ನೇ ತಿರುಗಿ ಹಾಕಿದರು.

"ಇಷ್ಟೆತ್ತರದ ಗಾಡಿಗೆ ಇಂಥಾ ಸಣ್ಣ ಗಾಲಿ! ಮಾವನ ಮನಿ ಮುಂದ ನಾ ಇಳಿಯಂಗಿಲ್ಲ."

"ಇಳೀಬ್ಯಾಡ, ಒಳಗ ಕುಂದ್ರು," ಎಂದು ಕಾಕಾ ಕೈ ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಅಣ್ಣ ಹೊದಿಕೆಯಿಂದ ಮುಖವನ್ನೇ ತೆಗೆಯಲಿಲ್ಲ. ನಾನು ಕೀಲಿ ತೆಗೆದುಕೊಂಡು ಮುಗದಕ್ಕೆ ಹೋಗಿ ಅತ್ತಿಗೆಯನ್ನೂ ಕೂಸನ್ನೂ ಕರೆತಂದೆ.